ಎಪ್ಪತ್ತೆರಡು

ಫೆಬ್ರವರಿ 4

ಅಮ್ಮ,

ನಿನ್ನೆಯಿಂದ ಹದಿನೇಳು ಸಲ ಫೋನ್ ಮಾಡಿದ್ದೀಯ. ಫೋನ್ ಕೆಟ್ಟಿಲ್ಲ, ನಾನೂ ಸತ್ತಿಲ್ಲ. ಬೇಕೆಂದೇ ಎತ್ತುತ್ತಿಲ್ಲ. ಇನ್ನು ಮೇಲೆ ನಮ್ಮಿಬ್ಬರ ನಡುವೆ ಕಾಗದ ಮಾತ್ರ. ಈ ಮಾನಸಿಕ ಆರೋಗ್ಯದ ವಾರ್ಡಿನಲ್ಲಿ ನನ್ನನ್ನು ನೋಡಿಕೊಳ್ಳುವ ಸಿಸ್ಟರ್ ಹಾಕಿದ ನಿಯಮ ಇದು, ನಾನು ಒಪ್ಪಿಕೊಂಡು ಸಹಿ ಹಾಕಿದ್ದೇನೆ. ಆದ್ದರಿಂದ ನಿನ್ನ ಬೈಗುಳವನ್ನೆಲ್ಲ ಅವರ ಮೇಲೇ ಖರ್ಚು ಮಾಡಬೇಡ, ನನಗೂ ಸ್ವಲ್ಪ ಉಳಿಸು.

ಬಸ್ಸನ್ನು ಮೇಲ್ಸೇತುವೆಯ ಬದಿಗೆ ನಿಲ್ಲಿಸಿ, ನಲವತ್ತೊಂದು ಜನರನ್ನು ಒಳಗೇ ಬಿಟ್ಟು ಕೆಳಗಿಳಿದು, ಕಟ್ಟೆಯ ಮೇಲೆ ಕೂತು ನಾಡಿ ಎಣಿಸಿಕೊಳ್ಳುತ್ತಿದ್ದೆನಲ್ಲ, ಆ ದಿನದಿಂದ ಎಲ್ಲರೂ ಕೇಳಿದ್ದು ಒಂದೇ: ಏನಾಯಿತು? ಈ ಸಿಸ್ಟರ್ ಮಾತ್ರ, "ಅದಾದ್ಮೇಲೆ ಏನು ಮಾಡಿದ್ರಿ?" ಎಂದು ಕೇಳಿದರು. ಅಮ್ಮನಿಗೆ ಫೋನ್ ಮಾಡಿದೆ ಎಂದೆ. ಅವರು ಅದನ್ನು ಬರೆದುಕೊಂಡರು.

ಇಲ್ಲಿಗೆ ಸೇರಿದ ಮೊದಲ ವಾರ ನಾನು ನಿನಗೆ ಮಾಡಿದ ಪ್ರತಿಯೊಂದು ಫೋನನ್ನೂ ಅವರು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದ್ದಾರೆ. ಪ್ರತಿ ಸಲ ಒಂದೇ ಕಥೆ. ಎದೆ ಡವಗುಟ್ಟುತ್ತಿದೆ ಎಂದು ನಾನು ಹೇಳುವುದು, ಎರಡು ಬೆರಳಿಟ್ಟು ಎಣಿಸು ಎಂದು ನೀನು ಹೇಳುವುದು. ನಾನು ತೊಂಬತ್ತಾರು ಎಂದರೆ ನೀನು, "ತಪ್ಪು ಎಣಿಸಿದ್ದೀಯ, ಚಿಕ್ಕಂದಿನಿಂದ ನಿನಗೆ ಎಣಿಸೋಕೆ ಬರಲ್ಲ. ನಾನು ನೋಡಿದಾಗೆಲ್ಲ ಎಪ್ಪತ್ತೆರಡೇ ಇತ್ತು" ಎನ್ನುವುದು. ಆಗ ನನಗೆ ಸಮಾಧಾನ. ಆ ಸಮಾಧಾನ ಎಷ್ಟು ಹೊತ್ತು ಬಾಳುತ್ತದೆ ಎಂದು ಅವರು ಲೆಕ್ಕ ಹಾಕಿದ್ದಾರೆ. ಮೊದಲ ದಿನ ಒಂದು ಗಂಟೆ. ಏಳನೆಯ ದಿನ ಒಂಬತ್ತು ನಿಮಿಷ.

ಕಾಗದವಾದರೆ ತಲುಪಲು ಮೂರು ದಿನ ಬೇಕು. ಭಯ ಅಷ್ಟು ಹೊತ್ತು ನಿನ್ನ ಉತ್ತರಕ್ಕೆ ಕಾಯುತ್ತಾ ಕೂರುವುದಿಲ್ಲ. ಅದಕ್ಕೇ ಈ ಏರ್ಪಾಡು.

ನಿಯಮ ಎರಡೇ ಎರಡು. ಕಾಗದದಲ್ಲಿ ಯಾರೂ ನಾಡಿಯ ಅಂಕಿ ಬರೆಯಕೂಡದು, ಈ ಒಂದು ಕಾಗದ ಬಿಟ್ಟು. 'ಏನೂ ಆಗಲ್ಲ' ಎಂದು ನೀನು ಬರೆಯಕೂಡದು.

ಮೇ ಹನ್ನೆರಡಕ್ಕೆ ಡಿಪೊದಲ್ಲಿ ನನ್ನ ಟ್ರಯಲ್ ಇದೆ. ಅಂದು ಅದೇ ಮಾರ್ಗದಲ್ಲಿ, ಅದೇ ಸೇತುವೆಯ ಮೇಲೆ, ಜನರನ್ನು ಕೂರಿಸಿಕೊಂಡು ಓಡಿಸಿ ತೋರಿಸಬೇಕು. ಇಲ್ಲದಿದ್ದರೆ ಡ್ರೈವರ್ ಬ್ಯಾಡ್ಜ್ ವಾಪಸ್ ಕೊಟ್ಟು, ಕಿಟಕಿಯ ಹಿಂದೆ ಕೂತು ಪಾಸ್ ಬರೆದುಕೊಡಬೇಕು. ಒಂಬತ್ತು ವರ್ಷ ಬಸ್ ಓಡಿಸಿದವಳು ನಾನು. ನನಗೆ ಬೇರೇನೂ ಬರುವುದಿಲ್ಲ, ಬರುವುದು ಬೇಕಾಗಿಯೂ ಇಲ್ಲ.

ಕ್ಷೇಮ ಕೇಳಬೇಡ. ಅದನ್ನು ಕೇಳಿ ಕೇಳಿಯೇ ಇಲ್ಲಿಗೆ ಬಂದಿದ್ದೇನೆ.

ಇತಿ,
ಎಷ್ಟಾದರೂ ನಿನ್ನ ಮಗಳು


ಫೆಬ್ರವರಿ 9

ಕಡ್ಡಿ,

ನಿನ್ನ ಕಾಗದವನ್ನು ವಾರ್ಡಿನ ಟೇಬಲ್ಲಿನಲ್ಲೇ ನಿಂತು ಓದಿದೆ. ಪಕ್ಕದಲ್ಲಿ ಡ್ರೆಸಿಂಗ್ ಟ್ರಾಲಿ ಹಿಡಿದು ನಿಂತಿದ್ದ ಟ್ರೈನಿ, "ಮೇಡಂ, ಏನಾದ್ರೂ ಕೆಟ್ಟ ಸುದ್ದೀನಾ?" ಎಂದು ಕೇಳಿದಳು. ನನ್ನ ಮಗಳು ನನಗೆ ಮೆಮೊ ಕಳಿಸಿದ್ದಾಳೆ ಎಂದೆ.

ಮೂವತ್ತೊಂದು ವರ್ಷ ಈ ಸರ್ಜರಿ ವಾರ್ಡಿನಲ್ಲಿ ಕಳೆದಿದ್ದೇನೆ. ಇಪ್ಪತ್ನಾಲ್ಕು ಹಾಸಿಗೆ. ಕಣ್ಣು ಮುಚ್ಚಿಕೊಂಡು ಮಣಿಕಟ್ಟು ಹಿಡಿದರೆ ಯಾರಿಗೆ ಜ್ವರ ಏರುತ್ತಿದೆ, ಯಾರಿಗೆ ಒಳಗೆ ರಕ್ತ ಹೋಗುತ್ತಿದೆ ಎಂದು ಹೇಳಬಲ್ಲೆ. ಜ್ವರ, ನಾಡಿ, ಉಸಿರು ಗುರುತಿಸುವ ಟಿಪಿಆರ್ ಚಾರ್ಟಿನಲ್ಲಿ ನಾಡಿ ನೋಡದೆ ಅಂದಾಜಿನ ಅಂಕಿ ಬರೆದ ಹುಡುಗಿಯೊಬ್ಬಳನ್ನು ನಿಂತ ಕಾಲಿನಲ್ಲೇ ವಾರ್ಡಿನಿಂದ ಆಚೆ ಕಳಿಸಿದವಳು ನಾನು. ಅಂಥವಳಿಗೆ ನಿನ್ನೆ ಮೊನ್ನೆ ಕ್ಯಾಪ್ ಹಾಕಿಕೊಂಡ ಯಾರೋ ನಿಯಮ ಹೇಳಿಕೊಡುತ್ತಾಳೆ! ನೋಟ್‌ಬುಕ್ಕಿನಲ್ಲಿ ತಾಯಿ ಮಗಳ ಫೋನು ಬರೆದಿಡುವುದು ಯಾವ ಕೋರ್ಸಿನಲ್ಲಿ ಕಲಿಸುತ್ತಾರೋ ನನಗೆ ತಿಳಿಯದು. ನಮ್ಮ ಕಾಲದಲ್ಲಿ ಅದಕ್ಕೆ ಮೂಗು ತೂರಿಸುವುದು ಎನ್ನುತ್ತಿದ್ದೆವು.

ನಿನ್ನನ್ನು ಒಬ್ಬಳೇ ಸಾಕಿದೆ. ಡಬಲ್ ಡ್ಯೂಟಿ ಮುಗಿಸಿ ಬಂದು, ಕಾಲು ನೀಡುವ ಮೊದಲು ನಿನ್ನ ಕೈ ಹಿಡಿದು ನೋಡುತ್ತಿದ್ದೆ. ಅದು ಈಗ ತಪ್ಪಾಯಿತು. ಫೋನ್ ಎತ್ತಿದ್ದು ತಪ್ಪಾಯಿತು. ಎತ್ತದಿದ್ದರೆ ಆಗ ಹೇಳುತ್ತಿದ್ದಿರಿ, ಎಂಥ ತಾಯಿ ಎಂದು.

ನೀನು ಬೇಡವೆಂದದ್ದನ್ನು ಬರೆಯುತ್ತೇನೆ, ಬೇಕಾದರೆ ನಿನ್ನ ಸಿಸ್ಟರ್ ಓದಲಿ. ನಿನ್ನ ಎದೆಯಲ್ಲಿ ಏನೂ ಇಲ್ಲ. ಈ ಕೈಯಲ್ಲಿ ಸಾವಿರ ಸಲ ನೋಡಿದ್ದೇನೆ, ಎಪ್ಪತ್ತೆರಡು. ಏನೂ ಆಗಲ್ಲ.

ನನ್ನ ಹಳೆಯ ವಾಚು ನಿನ್ನ ಬಳಿಯೇ ಇದೆ ತಾನೇ? ಕಳೆಯಬೇಡ. ಅದರ ಸೆಕೆಂಡ್ ಮುಳ್ಳು ಇವತ್ತಿಗೂ ತಪ್ಪುವುದಿಲ್ಲ.

ನಿನ್ನ ತಾಯಿ,
ಇನ್ನೂ ಸಹಿ ಹಾಕದವಳು


ಫೆಬ್ರವರಿ 21

ಅಮ್ಮ,

ನಿನ್ನ ಆ ಎರಡು ಸಾಲನ್ನು ಎಷ್ಟು ಸಲ ಓದಿದೆ ಗೊತ್ತೇ? ಮಡಿಕೆಯಲ್ಲಿ ಕಾಗದ ಹರಿಯುವಷ್ಟು. ಊಟದ ಸಾಲಿನಲ್ಲಿ ಓದಿದೆ, ಬಚ್ಚಲಿಗೆ ಒಯ್ದು ಓದಿದೆ. ಎಪ್ಪತ್ತೆರಡು, ಏನೂ ಆಗಲ್ಲ, ಎಪ್ಪತ್ತೆರಡು, ಏನೂ ಆಗಲ್ಲ. ಸಿಸ್ಟರ್ ಬೈಯಲಿಲ್ಲ. "ಓದಿದ್ಮೇಲೆ ಎಷ್ಟು ಹೊತ್ತು ಹಗುರ ಅನ್ಸುತ್ತೆ?" ಎಂದಷ್ಟೇ ಕೇಳಿದರು. ನೋಡಿ ಹೇಳಿದೆ. ಆರು ನಿಮಿಷ. ಆಮೇಲೆ ನಾನೇ ಆ ಕಾಗದವನ್ನು ಅವರ ಕೈಗೆ ಕೊಟ್ಟೆ. ನಿನ್ನ ವಾಚನ್ನೂ ಕೊಟ್ಟೆ. ಈಗ ಎರಡೂ ಬೀರುವಿನಲ್ಲಿವೆ, ಕೀಲಿ ಅವರ ಬಳಿ ಇದೆ. ಇದು ನೀನು ಮಾಡಿದ ಉಪಕಾರ.

ಅವರು ಏನು ಮಾಡುತ್ತಾರೆ ಎಂದು ನಿನಗೆ ತಿಳಿಯಲಿ. ಮೊನ್ನೆ ಮಧ್ಯಾಹ್ನ ಬಂತು, ಅದೇ. ಕೈಕಾಲು ತಣ್ಣಗಾಗಿ, ಕಿವಿಯಲ್ಲಿ ಗುಂಯ್ ಎಂದು, ಇನ್ನೇನು ಹೋಗಿಬಿಡುತ್ತೇನೆ ಎನಿಸಿತು. ಅವರು ಓಡಿ ಬರಲಿಲ್ಲ, ನಡೆದು ಬಂದರು. ಸುತ್ತ ನಿಂತವರನ್ನು ಆಚೆ ಕಳಿಸಿದರು. ಕುರ್ಚಿ ಎಳೆದುಕೊಂಡು, ಮೇಲಿನಿಂದ ಬಗ್ಗಿ ನೋಡದೆ, ನನ್ನ ಎತ್ತರಕ್ಕೇ ಕೂತರು. ಮಣಿಕಟ್ಟು ಮುಟ್ಟಲಿಲ್ಲ. ಏನೂ ಆಗಲ್ಲ ಎನ್ನಲಿಲ್ಲ. "ಹೆದರಿಕೆ ಆಗ್ತಿದೆ, ನಿಜವಾಗ್ಲೂ ಆಗ್ತಿದೆ. ಇನ್ನೂ ಸ್ವಲ್ಪ ಮೇಲೆ ಹೋಗುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ನಾನು ಎದ್ದು ಹೋಗಲ್ಲ" ಎಂದರು. ಆಮೇಲೆ ಬಾಯಿಯೇ ಬಿಡಲಿಲ್ಲ. ನಿನಗೆ ಅಷ್ಟು ಹೊತ್ತು ಸುಮ್ಮನಿರಲು ಆಗುತ್ತಿತ್ತೇ? ಅದು ಇಳಿಯಿತು ಅಮ್ಮ. ಯಾರೂ ಎಣಿಸದೆ ಇಳಿಯಿತು.

ಈಗ ನನಗೆ ಪಾಠ ಶುರುವಾಗಿದೆ. ತಿರುಗುವ ಕುರ್ಚಿಯಲ್ಲಿ ಕೂತು ಗಿರಗಿರ ಸುತ್ತಬೇಕು, ತಲೆ ತಿರುಗಬೇಕು. ಸಣ್ಣ ಸ್ಟ್ರಾ ಬಾಯಲ್ಲಿಟ್ಟು ಉಸಿರಾಡಬೇಕು. ಮೆಟ್ಟಿಲು ಹತ್ತಿ ಎದೆಬಡಿತವನ್ನು ಬೇಕೆಂದೇ ಏರಿಸಿಕೊಂಡು, ಅದು ಇಳಿಯುವುದನ್ನು ಕೂತು ನೋಡಬೇಕು. ನಾನು ಹೆದರುತ್ತಿದ್ದದ್ದು ಸಾವಿಗಲ್ಲವಂತೆ, ನನ್ನ ಎದೆಯ ಸದ್ದಿಗಂತೆ. ಅದನ್ನು ಕೇಳಿದಾಗ ಮೈಯೆಲ್ಲ ಉರಿಯಿತು, ಯಾಕೆಂದರೆ ನಿಜ.

ಇನ್ನೊಂದು ಮಾತು. ನೀನು ಡ್ಯೂಟಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ನಾನು ಕೈ ಚಾಚಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ. ನೀನು ನನ್ನನ್ನು ಅಪ್ಪಿಕೊಂಡದ್ದು ಎಷ್ಟು ಯೋಚಿಸಿದರೂ ನೆನಪಿಗೆ ಬರುತ್ತಿಲ್ಲ. ಮಣಿಕಟ್ಟು ಹಿಡಿದದ್ದು ಮಾತ್ರ ನೆನಪಿದೆ.

ನಿನ್ನ ಮಗಳು


ಮಾರ್ಚ್ 2

ಸಿಸ್ಟರ್ ಅವರಿಗೆ,

ನಾನು ನಿಮ್ಮ ವಾರ್ಡಿನಲ್ಲಿರುವ ಬಸ್ ಡ್ರೈವರಳ ತಾಯಿ. ಅದಕ್ಕಿಂತ ಮುಂಚೆ ಹೆಡ್ ನರ್ಸ್. ನೀವು ಹುಟ್ಟುವ ಹೊತ್ತಿಗೆ ನಾನು ಸಿರಿಂಜ್ ಕುದಿಸುತ್ತಿದ್ದೆ.

ಹೆದರಿದವಳನ್ನು ಮೆಟ್ಟಿಲು ಹತ್ತಿಸಿ ಏದುಸಿರು ಬರಿಸುವುದು, ತಲೆ ತಿರುಗಿಸುವುದು, ನರಳುವಾಗ ಕೈ ಕಟ್ಟಿ ಪಕ್ಕದಲ್ಲಿ ಕೂರುವುದು. ಇದಕ್ಕೆ ಶುಶ್ರೂಷೆ ಎಂದು ಹೆಸರಿಟ್ಟವರು ಯಾರು? ಮಗಳ ತಲೆಯಲ್ಲಿ ತಾಯಿಯೇ ಕಾಯಿಲೆ ಎಂದು ತುಂಬಿದ್ದೀರಿ. ಅವಳು ನನ್ನ ವಾಚನ್ನು ನಿಮ್ಮ ಬೀರುವಿಗೆ ಹಾಕಿದ್ದಾಳೆ. ಅದು ನನ್ನ ಮೊದಲ ವಾಚು.

ನಿಮ್ಮ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟ್ ನನ್ನ ಕೈಕೆಳಗೆ ಬ್ಯಾಂಡೇಜ್ ಸುತ್ತಲು ಕಲಿತವಳು. ಒಂದು ಕಾಗದ ಬರೆದರೆ ಸಾಕು, ನಿಮ್ಮ ನೋಟ್‌ಬುಕ್ಕು ಯಾರ ಮೇಜಿಗೆ ಹೋಗಬೇಕೋ ಅಲ್ಲಿಗೆ ಹೋಗುತ್ತದೆ. ಮರ್ಯಾದೆಯಿಂದ ಫೋನಿನ ನಿಯಮ ತೆಗೆಯಿರಿ.

ಹೆಡ್ ನರ್ಸ್, ಸರ್ಜರಿ ವಾರ್ಡ್


ಮಾರ್ಚ್ 9

ಹಿರಿಯ ಸಿಸ್ಟರ್ ಅವರಿಗೆ,

ನಿಮ್ಮ ಕಾಗದವನ್ನು ನಿಮ್ಮ ಮಗಳಿಗೆ ತೋರಿಸಿಲ್ಲ. ಈ ವಾರ ಅವರಿಗೆ ಮೆಟ್ಟಿಲಿನ ಕೆಲಸವೇ ಸಾಕಷ್ಟಿದೆ.

ಮೆಟ್ಟಿಲು ಹತ್ತಿಸುವ ಮೊದಲು ಇಸಿಜಿ ಆಗಿದೆ, ಥೈರಾಯ್ಡ್ ಪರೀಕ್ಷೆ ಆಗಿದೆ, ಹೃದಯದ ಡಾಕ್ಟರು ನೋಡಿದ್ದಾರೆ. ಅವರ ಹೃದಯ ಗಟ್ಟಿ ಇದೆ. ಅದು ನಿಮಗೂ ಗೊತ್ತು. ಆದರೆ ಅವರಿಗೆ ಗೊತ್ತಿಲ್ಲ, ಯಾಕೆಂದರೆ ಇಪ್ಪತ್ತೈದು ವರ್ಷದಿಂದ ಆ ವಿಷಯವನ್ನು ಅವರ ಪರವಾಗಿ ನೀವೇ ತಿಳಿದುಕೊಳ್ಳುತ್ತಾ ಬಂದಿದ್ದೀರಿ.

ಕೋಪ ಮಾಡಿಕೊಳ್ಳದೆ ಒಂದು ಪ್ರಶ್ನೆಗೆ ಉತ್ತರ ಹೇಳಿಕೊಳ್ಳಿ. ಆಪರೇಷನ್ನಿನ ಬೆಳಿಗ್ಗೆ ಹಾಸಿಗೆಯಲ್ಲಿ ಕೂತು ನಡುಗುವವರಿಗೆ ನೀವು ಏನು ಹೇಳುತ್ತೀರಿ? ನಾನು ಎಂಟು ವರ್ಷ ಜನರಲ್ ವಾರ್ಡಿನಲ್ಲಿದ್ದೆ. ಹೆದರಬೇಡಿ, ಏನೂ ಆಗಲ್ಲ ಎಂದು ಹೇಳಿ, ಭುಜ ತಟ್ಟಿ, ಮುಂದಿನ ಹಾಸಿಗೆಗೆ ಹೋಗುತ್ತಿದ್ದೆ. ಆ ಮಾತಿನಿಂದ ಸಮಾಧಾನ ಆಗುತ್ತಿದ್ದದ್ದು ನನಗೆ. ಒಂದು ದಿನ ಒಬ್ಬ ಮುದುಕಿ ನನ್ನ ಸೆರಗು ಹಿಡಿದು, "ಏನೂ ಆಗಲ್ಲ ಅಂದ್ಮೇಲೆ ಯಾಕಮ್ಮ ಓಡಿ ಹೋಗ್ತೀಯ?" ಎಂದು ಕೇಳಿದಳು. ಅಂದಿನಿಂದ ನಾನು ಕೂರುವುದನ್ನು ಕಲಿತೆ. ಕೂರುವುದು ಕೈ ಕಟ್ಟುವುದಲ್ಲ. ಅದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ.

ತಾಯಿಯೇ ಕಾಯಿಲೆ ಎಂದು ನಾನು ಹೇಳಿಲ್ಲ. ಆತಂಕದ ಕಾಯಿಲೆ ಯಾರೊಬ್ಬರ ತಪ್ಪಿನಿಂದ ಬರುವುದಿಲ್ಲ. ಆದರೆ ಭಯ ಬಂದಾಗಲೆಲ್ಲ ಅದನ್ನು ಯಾರಾದರೂ ತಕ್ಷಣ ಓಡಿಸಿಬಿಟ್ಟರೆ, ತನ್ನಿಂದ ಅದನ್ನು ತಡೆದುಕೊಳ್ಳಲು ಆಗುತ್ತದೆ ಎಂದು ಆ ಮನುಷ್ಯನಿಗೆ ಯಾವತ್ತೂ ಗೊತ್ತಾಗುವುದಿಲ್ಲ. ಇಷ್ಟೇ ನನ್ನ ವಾದ.

ನಿಯಮ ತೆಗೆಯುವುದಿಲ್ಲ. ದೂರು ಕೊಡುವುದಾದರೆ ಕೊಡಿ, ಸೂಪರಿಂಟೆಂಡೆಂಟ್ ಅವರ ಕೋಣೆ ಎರಡನೆಯ ಮಹಡಿಯಲ್ಲಿದೆ. ಮಗಳನ್ನು ನೋಡಲು ಬರುವುದಾದರೆ ಮೊದಲು ತಿಳಿಸಿ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಮೆಟ್ಟಿಲ ಕಡೆ ಮಾತ್ರ ಬರಬೇಡಿ.

ವಾಚಿಗೆ ದಿನಾ ಬೆಳಿಗ್ಗೆ ಕೀಲಿ ಕೊಡುತ್ತಿದ್ದೇನೆ, ನಿಂತಿಲ್ಲ.

ಗೌರವದಿಂದ,
ನಿಮ್ಮ ಮಗಳ ನರ್ಸ್


ಮಾರ್ಚ್ 20

ಅಮ್ಮ,

ಬರಬೇಡ ಎಂದ ಗಂಟೆಗೇ, ಬರಬೇಡ ಎಂದ ಜಾಗಕ್ಕೇ ಬಂದೆ. ಸೂಪರಿಂಟೆಂಡೆಂಟರ ಕೋಣೆಗೆ ಹೊರಟವಳು ಮೆಟ್ಟಿಲಲ್ಲಿ ನನ್ನನ್ನು ಕಂಡೆಯಂತೆ. ಇರಲಿ.

ಅಂದು ಮೊದಲ ಸಲ ಮೂರು ಮಹಡಿ ಹತ್ತಿದ್ದೆ. ಡಾಕ್ಟರು ಹೇಳಿದ್ದರೆಂದು ಬೆರಳಿಗೆ ನಾಡಿ ತೋರಿಸುವ ಕ್ಲಿಪ್ ಹಾಕಿದ್ದರು. ಅಂಕಿ ನನಗೆ ಕಾಣದಿರಲಿ ಎಂದು ಸಿಸ್ಟರ್ ಅದರ ಮೇಲೆ ಪ್ಲಾಸ್ಟರ್ ಪಟ್ಟಿ ಅಂಟಿಸಿದ್ದರು. ನಾನು ಕೊನೆಯ ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ. ಪಕ್ಕದಲ್ಲಿ ಅವರಿದ್ದರು. ಎದೆ ಬಾಯಿಗೆ ಬಂದಿತ್ತು, ಆದರೂ ನಾನು ಕೈ ಚಾಚಿರಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.

ಆಗ ನೀನು ಕೆಳಗಿನಿಂದ ಕೂಗುತ್ತಾ ಬಂದೆ. ಸಿಸ್ಟರನ್ನು ಮೊಣಕೈಯಿಂದ ತಳ್ಳಿದೆ. ನನ್ನ ಕೈ ಎಳೆದುಕೊಂಡೆ, ಆ ಎಳೆತಕ್ಕೆ ಪಟ್ಟಿ ಕಿತ್ತುಬಂತು. ಡ್ಯೂಟಿಗೆಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ವಾಚಿನ ಮೇಲೆ ಕಣ್ಣಿಟ್ಟು, ತುಟಿ ಅಲ್ಲಾಡಿಸುತ್ತಾ, ಚಿಕ್ಕಂದಿನಲ್ಲಿ ನೋಡುತ್ತಿದ್ದ ಹಾಗೆಯೇ ನೋಡಿದೆ. ಆಮೇಲೆ ನನ್ನ ಕೆನ್ನೆ ತಟ್ಟಿ, "ನೋಡು ಕಡ್ಡಿ, ಎಪ್ಪತ್ತೆರಡು. ಏನೂ ಇಲ್ಲ" ಎಂದೆ.

ಕ್ಲಿಪ್ಪಿನಲ್ಲಿ ನೂರ ಮೂವತ್ತೆಂಟು ಇತ್ತು.

ಯಂತ್ರ ತಪ್ಪಿರಬಹುದು ಎಂದು ಸಿಸ್ಟರನ್ನು ಕೇಳಿದೆ. ಅವರು ನಿನ್ನ ಮುಖ ನೋಡಿದರು. ನೀನು ನೆಲ ನೋಡಿದೆ. ನೀನು ನೆಲ ನೋಡುವವಳಲ್ಲ. ಆಗ ಗೊತ್ತಾಯಿತು.

ಕಣ್ಣು ಮುಚ್ಚಿಕೊಂಡು ಮಣಿಕಟ್ಟು ಹಿಡಿದು ರಕ್ತ ಹೋಗುವುದನ್ನು ಹೇಳುವ ಕೈ ಅದು. ನೂರ ಮೂವತ್ತೆಂಟಕ್ಕೂ ಎಪ್ಪತ್ತೆರಡಕ್ಕೂ ವ್ಯತ್ಯಾಸ ತಿಳಿಯಲಿಲ್ಲವೇ? ಹಾಗಾದರೆ ಹೇಳು. ಇಷ್ಟು ವರ್ಷದ ಎಪ್ಪತ್ತೆರಡುಗಳಲ್ಲಿ ನಿಜವಾದದ್ದು ಎಷ್ಟು? ನಾನು ಎಣಿಸಿ ತೊಂಬತ್ತಾರು, ನೂರು ಎಂದಾಗ ನನಗೆ ಎಣಿಸಲು ಬರುವುದಿಲ್ಲ ಎಂದೆಯಲ್ಲ, ಆಗ ತಪ್ಪು ಎಣಿಸಿದ್ದು ಯಾರು?

ನಿಯಮ ಮುರಿದು ಅಂಕಿ ಬರೆದಿದ್ದೇನೆ. ಸಿಸ್ಟರಿಗೆ ಹೇಳಿಯೇ ಬರೆದಿದ್ದೇನೆ. ನೀನು ಯಾರಿಗೆ ಹೇಳಿ ಸುಳ್ಳು ಹೇಳಿದೆ?

ಮಗಳು


ಏಪ್ರಿಲ್ 12

ಕಡ್ಡಿ,

ನಾಲ್ಕು ಸಲ ಬರೆದು ನಾಲ್ಕು ಸಲ ಹರಿದೆ. ಅವುಗಳಲ್ಲಿ ಮೂರರಲ್ಲಿ ನಿನ್ನನ್ನೇ ಬೈದಿದ್ದೆ. ಇದರಲ್ಲೂ ಬೈಯಬೇಕೆಂದಿದ್ದೆ, ಪೆನ್ನು ಮುಂದೆ ಹೋಗಲಿಲ್ಲ.

ನಿಜವಾದದ್ದು ಎಷ್ಟು ಎಂದು ಕೇಳಿದ್ದೀಯ. ಒಂದೂ ಇಲ್ಲ.

ನಿನಗೆ ಆಗ ಎಂಟು ವರ್ಷ. ಭಾನುವಾರ ಮಧ್ಯಾಹ್ನ ನಿನ್ನಪ್ಪ ಪೇಪರ್ ಓದುತ್ತಿದ್ದವರು ಹಾಗೇ ಕುರ್ಚಿಯಲ್ಲಿ ವಾಲಿದರು. ನಾನು ಅವರ ಮಣಿಕಟ್ಟು ಹಿಡಿದು ಕೂತೆ. ಎಷ್ಟು ಹೊತ್ತು ಹಿಡಿದಿದ್ದೆನೋ ತಿಳಿಯದು. ತಲೆ ಎತ್ತಿದರೆ ನೀನು ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದೆ. ನಾಡಿ ನಿಂತಿದ್ದ ಆ ಕೈಯನ್ನು ಕೆಳಗಿಟ್ಟೆ.

ಎರಡು ವಾರ ಬಿಟ್ಟು ನೀನು ಬಂದು, "ನಂದೂ ನೋಡಮ್ಮ" ಎಂದು ಕೈ ಚಾಚಿದೆ. ಆ ಒಂದು ಸಲ ಪ್ರಾಮಾಣಿಕವಾಗಿ ಎಣಿಸಿದೆ. ನೂರ ಹದಿನೆಂಟು. ಹೆದರಿದ ಮಗುವಿಗೆ ಇರಬೇಕಾದದ್ದೇ, ಅದರಲ್ಲೇನೂ ಇಲ್ಲ. ಆದರೆ ನನ್ನ ಮುಖದಲ್ಲಿ ಏನೋ ಕಂಡಿತು ನಿನಗೆ. ನನ್ನ ಮುಖ ನೋಡಿ ನೀನು ಬಿಳಚಿಕೊಂಡೆ, ನನ್ನ ಬೆರಳಿನ ಕೆಳಗೇ ಅದು ಇನ್ನೂ ಓಡಿತು. ಮಾರನೆಯ ದಿನ ಮತ್ತೆ ಬಂದೆ. ಆಗ ನಾನು ಎಣಿಸಲಿಲ್ಲ. ವಾಚು ನೋಡಿದೆ, ತುಟಿ ಅಲ್ಲಾಡಿಸಿದೆ, ಪುಸ್ತಕದಲ್ಲಿರುವ ಅಂಕಿ ಹೇಳಿದೆ. ನೀನು ಚಪ್ಪಲಿ ಹಾಕಿಕೊಂಡು ಆಟಕ್ಕೆ ಓಡಿದೆ. ನನ್ನ ಮೂವತ್ತೊಂದು ವರ್ಷದಲ್ಲಿ ಯಾವ ಔಷಧಿಯೂ ಅಷ್ಟು ಬೇಗ ಕೆಲಸ ಮಾಡಿದ್ದನ್ನು ನೋಡಿಲ್ಲ.

ಎಣಿಸಿದರೆ ಏನು ಸಿಗುವುದೋ ಎಂದು ನನಗೆ ಭಯವಿತ್ತು. ಅದಕ್ಕೇ ಎಣಿಸಲಿಲ್ಲ. ಇದನ್ನು ಇವತ್ತಿಗೆ ಮೊದಲು ಯಾರಿಗೂ ಹೇಳಿಲ್ಲ, ನನಗೂ ಹೇಳಿಕೊಂಡಿಲ್ಲ. ಚಾರ್ಟಿನಲ್ಲಿ ಸುಳ್ಳು ಬರೆದ ಆ ಹುಡುಗಿ ಅಳುತ್ತಾ ಹೋದಳು. ಅವಳು ಮಾಡಿದ್ದು ಒಂದೇ ದಿನ.

ಸೂಪರಿಂಟೆಂಡೆಂಟಿಗೆ ದೂರು ಕೊಡಲಿಲ್ಲ. ಕ್ಷಮೆ ಕೇಳಿದೆನೆಂದು ತಿಳಿಯಬೇಡ, ನಿನ್ನ ಸಿಸ್ಟರ್ ಈಗಲೂ ನನಗೆ ಹಿಡಿಸುವುದಿಲ್ಲ. ಬಹಳ ಸರಿಯಾಗಿ ಮಾತಾಡುತ್ತಾಳೆ. ಕಳೆದ ವಾರ ಹನ್ನೊಂದನೆಯ ಹಾಸಿಗೆಯಲ್ಲಿ ಗಣಿತದ ಮೇಷ್ಟ್ರೊಬ್ಬರು ಆಪರೇಷನ್ನಿಗೆ ಮುಂಚೆ ಗಡಗಡ ನಡುಗುತ್ತಿದ್ದರು. ಏನೂ ಆಗಲ್ಲ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಸ್ಟೂಲ್ ಎಳೆದು ಕೂತೆ. ಯಾವುದಕ್ಕೆ ಹೆಚ್ಚು ಹೆದರಿಕೆ ಎಂದು ಕೇಳಿದೆ. ಅರಿವಳಿಕೆ ಕೊಟ್ಟ ಮೇಲೆ ಏನಾದರೂ ಬಡಬಡಿಸಿ ಮಾನ ಕಳೆದುಕೊಳ್ಳುತ್ತೇನೇನೋ ಎಂದರು. ಸಾವಲ್ಲ, ಅದು! ಮೂವತ್ತೊಂದು ವರ್ಷದಲ್ಲಿ ನಾನು ಯಾರನ್ನೂ ಈ ಪ್ರಶ್ನೆ ಕೇಳಿರಲಿಲ್ಲ. ಹನ್ನೆರಡು ನಿಮಿಷ ಕೂತೆ. ಬೆನ್ನು ನೋಯಿತು.

ಇಷ್ಟು ಬರೆದ ಮೇಲೂ ನಿನಗೆ ಏನು ಹೇಳಬೇಕೋ ಅದು ಬರಲಿಲ್ಲ.

ಅಮ್ಮ


ಏಪ್ರಿಲ್ 23

ಅಮ್ಮ,

ನಿನ್ನ ಕಾಗದ ಬಂತು. ಒಂದೇ ಸಲ ಓದಿದೆ.

ನಾನು ಇಪ್ಪತ್ತೈದು ವರ್ಷ ನಾಡಿ ಎಪ್ಪತ್ತೆರಡಕ್ಕೆ ಬರಬೇಕೆಂದೇ ಬದುಕಿದೆ. ಯಾವ ಡಾಕ್ಟರು ಎಂಬತ್ತೆಂಟು ಎಂದರೂ ನನ್ನಲ್ಲಿ ಏನೋ ಶುರುವಾಗಿದೆ ಎಂದುಕೊಂಡೆ. ಕೆಂಪು ದೀಪ ಬಿದ್ದಾಗಲೆಲ್ಲ ಸ್ಟೀರಿಂಗಿನ ಮೇಲೆ ಕೈಯಿಟ್ಟು ಎಣಿಸಿಕೊಂಡೆ, ಹೆಚ್ಚು ಬಂದರೆ ನನ್ನ ಬೆರಳನ್ನೇ ಶಪಿಸಿದೆ. ನನ್ನ ಬೆರಳು ಸರಿಯಾಗಿಯೇ ಇತ್ತು. ನನಗೆ ಎಣಿಸಲು ಬರುತ್ತಿತ್ತು. ಎಂಟು ವರ್ಷಕ್ಕೇ ಬರುತ್ತಿತ್ತು.

ನೀನು ಹೆದರಿದ್ದೆ ಎಂದು ಹೇಳಿದ್ದರೆ ಸಾಕಾಗಿತ್ತು. ಇಬ್ಬರೂ ಕೂತು ಹೆದರುತ್ತಿದ್ದೆವು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಸಿಸ್ಟರ್ ಹೇಳಿಲ್ಲ, ನಾನು ಬರೆಯುವುದೂ ಇಲ್ಲ. ಮೊನ್ನೆ ಡಿಸ್ಚಾರ್ಜ್ ಆಯಿತು. ಡಿಪೊದಲ್ಲಿ ಖಾಲಿ ಬಸ್ಸು ಓಡಿಸುತ್ತಿದ್ದೇನೆ. ಸೇತುವೆ ಇನ್ನೂ ಬಾಕಿ ಇದೆ. ಹನ್ನೆರಡನೆಯ ತಾರೀಕು ನೀನು ಬರಬೇಡ. ಇದನ್ನಾದರೂ ಒಂದು ಸಲ ಕೇಳು.

ನಿನ್ನ ಮಗಳು


ಮೇ 13

ಅಮ್ಮ,

ಬರಬೇಡ ಎಂದದ್ದು ನಿನಗೆ ಯಾವ ಭಾಷೆಯಲ್ಲಿ ಹೇಳಿದರೆ ತಿಳಿಯುತ್ತದೆ? ಮೂರನೆಯ ನಿಲ್ದಾಣದಲ್ಲಿ ಹತ್ತಿದೆ, ತಲೆಗೆ ಸ್ಕಾರ್ಫ್ ಸುತ್ತಿಕೊಂಡು. ನೀನು ಸ್ಕಾರ್ಫ್ ಸುತ್ತಿದರೆ ಸ್ಕಾರ್ಫ್ ಸುತ್ತಿಕೊಂಡ ಹೆಡ್ ನರ್ಸಿನ ಹಾಗೇ ಕಾಣುತ್ತೀಯ. ಮೂರನೆಯ ಸಾಲು, ಕಂಬಿಯ ಪಕ್ಕ. ಕನ್ನಡಿಯಲ್ಲಿ ಅಷ್ಟೂ ಕಾಣುತ್ತಿತ್ತು.

ಪಕ್ಕದಲ್ಲಿ ಇನ್ಸ್‌ಪೆಕ್ಟರ್ ಪ್ಯಾಡ್ ಹಿಡಿದು ಕೂತಿದ್ದ. ಸೇತುವೆ ಏರುವಾಗ ಬಂತು. ಅದೇ ತಣ್ಣನೆಯ ಕೈ, ಅದೇ ಕಿವಿಯ ಸದ್ದು. ಬಂದೆಯಾ, ಕೂತುಕೋ, ಟಿಕೆಟ್ ತಗೋ ಎಂದು ಮನಸ್ಸಿನಲ್ಲೇ ಆ ಭಯಕ್ಕೆ ಹೇಳಿದೆ. ಸಿಸ್ಟರ್ ಇದನ್ನು ಕಲಿಸಿಲ್ಲ, ನನ್ನದೇ. ಇನ್ಸ್‌ಪೆಕ್ಟರಿಗೆ, "ಸರ್, ನನಗೆ ಈಗ ಹೆದರಿಕೆ ಆಗ್ತಿದೆ. ಬಸ್ ನಿಲ್ಲಿಸಲ್ಲ" ಎಂದೆ. ಅವನು ನನ್ನನ್ನು ನೋಡಿ, ರಸ್ತೆ ನೋಡಿ, "ಆಯ್ತು" ಎಂದ.

ಆಗ ಕನ್ನಡಿಯಲ್ಲಿ ನಿನ್ನ ಕಣ್ಣು ನನ್ನ ಕತ್ತಿನ ಮೇಲಿತ್ತು. ನರ ಬಡಿಯುವ ಜಾಗದ ಮೇಲೆ. ಅಲ್ಲಿಂದಲೇ ಎಣಿಸಬಲ್ಲೆ ನೀನು, ಗೊತ್ತು ನನಗೆ. ಒಂದೇ ಪ್ರಶ್ನೆ ಕೇಳುತ್ತೇನೆ. ಎಣಿಸಿದೆಯಾ, ಇಲ್ಲ ಮತ್ತೆ ನಾಟಕವಾ? ಎಷ್ಟು ಎಂದು ಕೇಳುತ್ತಿಲ್ಲ. ಹೇಳಿದರೆ ಕಾಗದ ಹರಿದು ಹಾಕುತ್ತೇನೆ.

ಬ್ಯಾಡ್ಜ್ ಉಳಿಯಿತು.

ಕಡ್ಡಿ


ಮೇ 19

ಕಡ್ಡಿ,

ಎಣಿಸಿದೆ. ಸೇತುವೆಯ ಈ ತುದಿಯಿಂದ ಆ ತುದಿಯವರೆಗೆ, ಪೂರ್ತಿ ಒಂದು ನಿಮಿಷಕ್ಕೂ ಹೆಚ್ಚು, ಒಂದೂ ಬಿಡದೆ. ಎಷ್ಟು ಎಂದು ನೀನು ಕೇಳಿಲ್ಲ, ನಾನು ಹೇಳುವುದಿಲ್ಲ. ಎಪ್ಪತ್ತೆರಡಂತೂ ಅಲ್ಲ. ಅದರ ಹತ್ತಿರದಲ್ಲೂ ಇರಲಿಲ್ಲ.

ಎದ್ದು ಬಂದು ನಿನ್ನ ಕೈ ಹಿಡಿಯಬೇಕೆಂದು ನಾಲ್ಕು ಸಲ ಅನಿಸಿತು. ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಸುಮ್ಮನೆ ಪಕ್ಕದಲ್ಲಿ ಕೂರುವುದೇ ಕಷ್ಟದ ಭಾಗ ಎಂದು ನಿನ್ನ ಸಿಸ್ಟರ್ ನನಗೆ ಬರೆದಿದ್ದಳು, ಅದು ಏನೆಂದು ಅಲ್ಲಿ ತಿಳಿಯಿತು, ಅವಳಿಗೆ ಹೇಳಬೇಡ. ಆ ಅಂಕಿಯನ್ನೇ ಎದೆಯಲ್ಲಿಟ್ಟುಕೊಂಡು ನೀನು ಗೇರ್ ಬದಲಿಸಿದೆ, ಸೈಕಲ್ಲಿನವನಿಗೆ ದಾರಿ ಬಿಟ್ಟೆ, ಸೇತುವೆ ಇಳಿಸಿದೆ. ಬ್ರೇಕ್ ಹಾಕುವುದು ಮಾತ್ರ ಇನ್ನೂ ಒರಟು. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು.

ನನ್ನ ವಾಚು ಅವಳ ಬೀರುವಿನಲ್ಲೇ ಇರಲಿ. ಸೊಂಟದಲ್ಲಿರುವುದು ಸಾಕು ನನಗೆ, ಇನ್ನು ಮೇಲೆ ಅದೂ ವಾರ್ಡಿಗೆ ಮಾತ್ರ.

ಪಕ್ಕದಲ್ಲಿ ಒಬ್ಬಾಕೆ ಕೂತಿದ್ದಳು, ಚೀಲ ತುಂಬ ತರಕಾರಿ. ನನ್ನ ಕೈ ನೋಡಿ, "ಯಾಕಮ್ಮ ಇಷ್ಟು ನಡುಗ್ತಿದೀರಾ? ಬಸ್ ಅಂದ್ರೆ ಹೆದರಿಕೇನಾ?" ಎಂದು ಕೇಳಿದಳು.

"ಹೌದಮ್ಮ, ತುಂಬ ಹೆದರಿಕೆ" ಎಂದೆ. ಈ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು.

"ಏನೂ ಆಗಲ್ಲ ಬಿಡಿ. ಈ ಹುಡುಗಿ ಚೆನ್ನಾಗಿ ಓಡಿಸ್ತಾಳೆ" ಎಂದು ಅವಳು ನನ್ನ ಕೈ ತಟ್ಟಿದಳು.

ಹಗುರವಾಯಿತು. ಎಷ್ಟು ಹೊತ್ತು ಬಾಳುತ್ತದೋ ನೋಡೋಣ ಎಂದು ವಾಚು ನೋಡಿದೆ. ನಾಲ್ಕು ನಿಮಿಷ.

ಅಮ್ಮ